ಘಟ್ಟ ಹತ್ತಿ ಬಂದ ಒಂದು ಕುಟುಂಬದ ಮನೆಗಳು

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಗೋಣಿಬೀಡಿನಲ್ಲಿ ಏರ್ಪಟ್ಟ ಕುಟುಂಬ ದಿನದಂದು ಮಾಡಿದ ಭಾಷಣ)



ಶತಮಾನೋತ್ಸವ ಸಮಿತಿಯವರು ನಮ್ಮ ಮನೆಗೆ ಬಂದು, ನಿಮ್ಮ ಕುಟುಂಬದ ಚರಿತ್ರೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕೇಳಿದಾಗ ನಾವು ಒಡಹುಟ್ಟಿದ ನಾಲ್ವರೂ ಮುಖ ಮುಖ ನೋಡಿಕೊಂಡೆವು. ಚರಿತ್ರೆ ಎಂಬುದು ತೋಟದ ಧಣಿಗಳಿಗೆ, ಪಟೇಲರ ಮನೆತನಗಳಿಗೆ ಇರತಕ್ಕದ್ದೆಂದು ನಾವು ತಿಳಿದಿದ್ದೆವು. ನಮ್ಮಲ್ಲಿ ಹೆಸರು ಗಳಿಸಿದವರು ಯಾರೂ ಇಲ್ಲ. ಗುರುಗಳಾದವರೂ ಇಲ್ಲ, ಕನ್ಯಾಮಠ ಸೇರಿದವರೂ ಇಲ್ಲ. ಇರುವುದೆಲ್ಲ ಬಿಟ್ಟುಬಂದ ಮನೆಗಳ ನೆನಪು ಮಾತ್ರ. ಹಾಗಾದರೆ ಆ ಮನೆಗಳ ವಿಷಯವನ್ನೇ ಹೇಳಿರಿ ಎಂದು ಗುರುಗಳು ಅಪ್ಪಣೆ ಕೊಡಿಸಿದರು. ನಾಲ್ವರೂ ಒಟ್ಟಿಗೆ ಕುಳಿತು, ನಮ್ಮ ದೊಡ್ಡತ್ತೆಯವರನ್ನು ಕೇಳಿ ತಿಳಿದುಕೊಂಡು, ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸಿ ಇದನ್ನು ಸಿದ್ಧಪಡಿಸಿದ್ದೇವೆ. ಆದುದರಿಂದ ಇಲ್ಲಿ ನಿಂತು ಓದುತ್ತಿರುವವರು ಒಬ್ಬರಾದರೂ ಮಾತು ನಾಲ್ವರದು. ದೊಡ್ಡತ್ತೆಯವರು ಇದೋ ಮುಂದಿನ ಬೆಂಚಿನಲ್ಲಿಯೇ ಕುಳಿತಿದ್ದಾರೆ. ತೊಂಬತ್ತರ ವಯಸ್ಸಾದರೂ ಅವರ ನೆನಪು ನಮ್ಮದಕ್ಕಿಂತ ಚುರುಕು. ನಾವು ತಪ್ಪಿದರೆ ಅಲ್ಲಿಂದಲೇ ತಿದ್ದುವರೆಂಬ ಭಯವೂ ನಮಗಿದೆ.

ನಮ್ಮ ಮೊದಲನೆಯ ಮನೆ ಘಟ್ಟದ ಕೆಳಗೆ, ಬೆಳ್ತಂಗಡಿ ತಾಲೂಕಿನಲ್ಲಿತ್ತು. ನಾವು ಯಾರೂ ಅದನ್ನು ನೋಡಿದವರಲ್ಲ. ಮಣ್ಣಿನ ಗೋಡೆ, ಮುಳಿಹುಲ್ಲಿನ ಮಾಡು, ಮುಂದೆ ಒಂದು ಹಲಸಿನ ಮರ, ಪಕ್ಕದಲ್ಲಿ ಗೇಣಿಗೆ ಮಾಡುತ್ತಿದ್ದ ತುಂಡು ಗದ್ದೆ. ಗೇಣಿಯೆಂದರೆ ಚಾಲಗೇಣಿ. ವರ್ಷ ವರ್ಷವೂ ಧಣಿಗಳ ಮನಸ್ಸಿನ ಮೇಲೆ ನಿಂತ ಒಕ್ಕಲು. 1930ರ ದಶಕದಲ್ಲಿ ಲೋಕದಾದ್ಯಂತ ಬೆಲೆಗಳು ಕುಸಿದುಬಿದ್ದಾಗ ಅಕ್ಕಿಗೂ ಅಡಕೆಗೂ ಬೆಲೆಯಿಲ್ಲದಾಯಿತು. ಗೇಣಿ ಮಾತ್ರ ಇಳಿಯಲಿಲ್ಲ. ಎರಡು ವರ್ಷದ ಗೇಣಿ ಬಾಕಿಯಾದ ಮೇಲೆ ಅಜ್ಜನವರು ಒಕ್ಕಲು ಬಿಟ್ಟುಕೊಟ್ಟು, ಕಾಫಿ ತೋಟದ ಮೇಸ್ತ್ರಿಯಿಂದ ಮುಂಗಡ ಪಡೆದು, ಅಜ್ಜಿಯನ್ನೂ ಹಸುಗೂಸಾಗಿದ್ದ ದೊಡ್ಡತ್ತೆಯನ್ನೂ ಕರೆದುಕೊಂಡು ಚಾರ್ಮಾಡಿ ಘಟ್ಟವನ್ನು ಕಾಲ್ನಡಿಗೆಯಲ್ಲಿ ಹತ್ತಿದರು. ನಮ್ಮ ಜನ ಘಟ್ಟ ಹತ್ತಿದ್ದು ಅದೇ ಮೊದಲಲ್ಲ. 1784ರಲ್ಲಿ ಟಿಪ್ಪುಸುಲ್ತಾನನ ಸೆರೆಯಾಳುಗಳಾಗಿ ಕೆನರಾದ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ನಡೆದುಹೋದ ಕಥೆಯನ್ನು ಅಜ್ಜಿ ಹೇಳುತ್ತಿದ್ದರು. ಆಗ ಕೋವಿ ಅಟ್ಟಿತ್ತು, ಈಗ ಹೊಟ್ಟೆ ಅಟ್ಟಿತು ಎಂದು ಕೊನೆಯಲ್ಲಿ ಸೇರಿಸುತ್ತಿದ್ದರು.

ಅಜ್ಜಿಯವರ ತಲೆಯ ಮೇಲಿದ್ದ ಗಂಟಿನಲ್ಲಿ ಎರಡು ಮಣ್ಣಿನ ಪಾತ್ರೆ, ಒಂದು ಕತ್ತಿ, ಮಾತೆ ಮರಿಯಮ್ಮನವರ ಒಂದು ಚಿಕ್ಕ ಪಟ ಇದ್ದುವು. ಪಾತ್ರೆಗಳಲ್ಲೊಂದು ಘಟ್ಟದಲ್ಲಿಯೇ ಒಡೆದುಹೋಯಿತು. ಪಟ ಮಾತ್ರ ಇಂದಿಗೂ ನಮ್ಮ ಮನೆಯಲ್ಲಿದೆ. ಗಾಜು ಮೂರು ಬಾರಿ ಬದಲಾಗಿದೆ.

ಆ ಮೊದಲನೆಯ ಮನೆಯ ವಿಷಯದಲ್ಲಿ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇವೆ. 1974ರ ಭೂಸುಧಾರಣೆಯ ಕಾಯಿದೆ ಬಂದು, ಗೇಣಿಗೆ ಉಳುತ್ತಿದ್ದವನಿಗೇ ಭೂಮಿ ಎಂದಾಯಿತು. ಅಜ್ಜನವರ ದಾಯಾದಿಯೊಬ್ಬರು ಘಟ್ಟದ ಕೆಳಗೇ ಉಳಿದು ಅದೇ ಒಕ್ಕಲನ್ನು ಹಿಡಿದಿದ್ದರು. ನ್ಯಾಯಮಂಡಳಿಯಲ್ಲಿ ಅರ್ಜಿ ಕೊಟ್ಟು ಆ ಗದ್ದೆಯನ್ನೂ ಮನೆಯಡಿಯನ್ನೂ ಅವರು ತಮ್ಮದಾಗಿ ಮಾಡಿಕೊಂಡರು. ನ್ಯಾಯವಾದದ್ದೇ ಆಯಿತು, ಉತ್ತವರು ಅವರು. ಆದರೆ ಸುದ್ದಿ ಬಂದ ದಿನ ಅಜ್ಜಿಯವರು ಮಧ್ಯಾಹ್ನದ ಊಟ ಮಾಡಲಿಲ್ಲವೆಂದು ನಮ್ಮ ತಾಯಿಯವರು ಹೇಳುತ್ತಿದ್ದರು.

ಎರಡನೆಯ ಮನೆ ಇದೇ ಗೋಣಿಬೀಡಿನ ಸೀಮೆಯ ಒಂದು ಕಾಫಿ ತೋಟದ ಲೈನು. ಇಲ್ಲಿ ಕುಳಿತಿರುವವರಲ್ಲಿ ಅರ್ಧದಷ್ಟು ಮಂದಿಗೆ ಲೈನು ಎಂದರೇನೆಂದು ವಿವರಿಸಬೇಕಾಗಿಲ್ಲ. ಉಳಿದ ಅರ್ಧದ ಮಕ್ಕಳಿಗಾಗಿ ಹೇಳುತ್ತೇವೆ. ಉದ್ದಕ್ಕೆ ಒಂದೇ ಮಾಡು, ಒಂದೇ ಹಿಂಗೋಡೆ. ನಡುವೆ ಅಡ್ಡಗೋಡೆಗಳನ್ನು ಎಬ್ಬಿಸಿ ಮಾಡಿದ ಕೋಣೆಗಳ ಸಾಲು. ಕೋಣೆಗೊಂದು ಸಂಸಾರ. ನಮ್ಮದು ನಾಲ್ಕನೆಯ ಕೋಣೆ. ಹತ್ತಡಿಗೆ ಹನ್ನೆರಡಡಿ. ಅಡ್ಡಗೋಡೆ ಮಾಡಿನವರೆಗೆ ಮುಟ್ಟುತ್ತಿರಲಿಲ್ಲ. ಆದುದರಿಂದ ಒಂದು ಮನೆಯ ಒಲೆಯ ಹೊಗೆ ಎಲ್ಲರ ಕಣ್ಣಿಗೂ, ಒಂದು ಮನೆಯ ಜಗಳ ಎಲ್ಲರ ಕಿವಿಗೂ ಸೇರುತ್ತಿತ್ತು. ಜಪಸರವೂ ಹಾಗೆಯೇ. ಸಂಜೆ ಏಳು ಗಂಟೆಗೆ ಅಜ್ಜಿಯವರು ಕೊಂಕಣಿಯಲ್ಲಿ ತೇರ್ಸ್ ಪ್ರಾರಂಭಿಸಿದರೆ ಮೂರನೆಯ ಕೋಣೆಯವರು, ಐದನೆಯ ಕೋಣೆಯವರು ತಮ್ಮ ತಮ್ಮ ಒಲೆಯ ಮುಂದೆ ಕುಳಿತೇ ಉತ್ತರ ಹೇಳುತ್ತಿದ್ದರಂತೆ. ಆರನೆಯ ಕೋಣೆಯವರು ಕ್ರೈಸ್ತರಲ್ಲ. ಆದರೂ ಅವರ ಮಕ್ಕಳಿಗೆ ‘ನಮೋ ಮರಿಯೆ’ ಕೊಂಕಣಿಯಲ್ಲಿ ಪೂರ್ತಿ ಬರುತ್ತಿತ್ತೆಂದು ದೊಡ್ಡತ್ತೆಯವರು ಈಗಲೂ ಹೇಳಿ ನಗುತ್ತಾರೆ.

ಪಟವನ್ನು ಇಡಲು ಅಜ್ಜನವರು ಒಂದು ಖಾಲಿ ಹಲಗೆಪೆಟ್ಟಿಗೆಯನ್ನು ಮೂಲೆಯಲ್ಲಿ ನಿಲ್ಲಿಸಿದರು. ಅದೇ ನಮ್ಮ ಪೀಠ. ಆಗ ಈ ಸೀಮೆ ಮೈಸೂರು ಧರ್ಮಪ್ರಾಂತಕ್ಕೆ ಸೇರಿತ್ತು. 1963ರಲ್ಲಷ್ಟೇ ಚಿಕ್ಕಮಗಳೂರು ಪ್ರತ್ಯೇಕ ಧರ್ಮಪ್ರಾಂತವಾಯಿತು. ಪೂಜೆ ಲತೀನ್ ಭಾಷೆಯಲ್ಲಿ, ಪ್ರಸಂಗ ಕನ್ನಡದಲ್ಲಿ, ಮನೆಯ ಪ್ರಾರ್ಥನೆ ಕೊಂಕಣಿಯಲ್ಲಿ. ಮೂರು ಭಾಷೆಗಳಲ್ಲಿ ದೇವರನ್ನು ಕರೆದು ನಮ್ಮ ಹಿರಿಯರು ಅಭ್ಯಾಸಮಾಡಿಕೊಂಡಿದ್ದರು. ಎರಡನೆಯ ವಾಟಿಕನ್ ಮಹಾಸಭೆಯ ತರುವಾಯ ಪೂಜೆ ಕನ್ನಡಕ್ಕೆ ಬಂದಾಗ ಅಜ್ಜಿಯವರಿಗೆ ಸಂತೋಷವಾಯಿತೇ ಎಂದು ಕೇಳಿದರೆ, “ಅರ್ಥವಾಯಿತು” ಎಂದಷ್ಟೇ ಹೇಳಿದರಂತೆ.

ಅಂದಿನ ಮಲೆನಾಡು ಎಂದರೆ ಮಲೇರಿಯದ ನಾಡು. ಘಟ್ಟ ಹತ್ತಿದ ಕೂಲಿಯವರಲ್ಲಿ ಚಳಿಜ್ವರ ಹಿಡಿಯದವರೇ ಇಲ್ಲ. ಡಿ.ಡಿ.ಟಿ. ಸಿಂಪಡಿಸುವ ಕಾಲ ಬರುವವರೆಗೆ ಕ್ವಿನೈನ್ ಒಂದೇ ಗತಿ. ಅಜ್ಜಿಯವರು ಈ ಲೈನಿನಲ್ಲಿ ಐದು ಮಕ್ಕಳನ್ನು ಹೆತ್ತರು. ಉಳಿದವರು ನಮ್ಮ ತಂದೆಯವರು ಮತ್ತು ಚಿಕ್ಕತ್ತೆ. ಮೂವರನ್ನು ನಮ್ಮ ಚರ್ಚಿನ ಸಮಾಧಿಭೂಮಿಯಲ್ಲಿ ಮಲಗಿಸಲಾಯಿತು. ಗುರುತಿಗೆ ಹೂಳಿದ್ದ ಕಲ್ಲುಗಳು ಈಗಿಲ್ಲ. ಚಿಕ್ಕತ್ತೆ ಇನ್ನೂ ತೊಟ್ಟಿಲ ಕೂಸಾಗಿರುವಾಗ ಅಜ್ಜನವರೂ ಅದೇ ಜ್ವರದಲ್ಲಿ ತೀರಿಕೊಂಡರು.

ಲೈನಿನ ಮನೆಗೊಂದು ಕಟ್ಟಳೆಯಿತ್ತು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆಯಬೇಕಾದ ಅಗತ್ಯವೂ ಇರಲಿಲ್ಲ. ಕೋಣೆಯಲ್ಲಿರುವವರಲ್ಲಿ ಒಬ್ಬರ ಹೆಸರಾದರೂ ತೋಟದ ಹಾಜರಿ ಪುಸ್ತಕದಲ್ಲಿರಬೇಕು. ಹೆಸರಿಲ್ಲದಿದ್ದರೆ ಕೋಣೆಯೂ ಇಲ್ಲ. ಅಜ್ಜನವರು ಸತ್ತಾಗ ಅಜ್ಜಿಯವರು ಬಾಣಂತಿತನದ ಕಾಯಿಲೆಯಿಂದ ಇನ್ನೂ ಎದ್ದಿರಲಿಲ್ಲ. ತಂದೆಯವರಿಗೆ ಹತ್ತು ವರ್ಷ. ರೈಟರು ಒಂದು ಸಂಜೆ ಬಾಗಿಲಿಗೆ ಬಂದು, “ನಾಳೆಯಿಂದ ಯಾರ ಹೆಸರು ಬರೆದುಕೊಳ್ಳಲಿ?” ಎಂದು ಕೇಳಿದರು. ಕೆಟ್ಟ ಮನುಷ್ಯರಲ್ಲ, ಕೇಳಲೇಬೇಕಾದದ್ದನ್ನು ಕೇಳಿದರು. ದೊಡ್ಡತ್ತೆಯವರಿಗೆ ಆಗ ಹದಿಮೂರು. ಶಾಲೆಯಲ್ಲಿ ಲೆಕ್ಕದಲ್ಲಿ ಅವರೇ ಮುಂದು. ಅವರು ಎದ್ದುನಿಂತು ತಮ್ಮ ಹೆಸರು ಹೇಳಿದರು. ಮರುದಿನದಿಂದ ಸ್ಲೇಟು ತಮ್ಮನಿಗಾಯಿತು, ಕಾಫಿ ಕೊಯ್ಯುವ ಚೀಲ ಅಕ್ಕನಿಗಾಯಿತು.

ಆ ಕೋಣೆಯನ್ನು ಅವರು ಎಷ್ಟು ವರ್ಷ ಹಿಡಿದು ನಿಲ್ಲಿಸಿದರೆಂದು ನಾವು ಲೆಕ್ಕ ಹಾಕಿದೆವು. ನಲವತ್ತಕ್ಕೂ ಹೆಚ್ಚು. ಕೊಯ್ಲು, ಕಳೆ, ಗೊಬ್ಬರ, ಕಣದ ಕೆಲಸ. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಜಿಗಣೆಗಳ ನಡುವೆ ಕೆಲಸ. ತಮ್ಮನನ್ನು ಬಡಗಿಯ ಕೆಲಸಕ್ಕೆ ಸೇರಿಸಿದರು, ತಂಗಿಯ ಮದುವೆ ಮಾಡಿದರು. ತಾವು ಮದುವೆಯಾಗಲಿಲ್ಲ. ಏಕೆ ಆಗಲಿಲ್ಲ ಎಂದು ನಾವು ಕೇಳಿದ್ದುಂಟು. ಮದುವೆಯಾಗಿ ಬೇರೆ ತೋಟಕ್ಕೆ ಹೋದರೆ ಇಲ್ಲಿ ಹೆಸರು ಯಾರದು ಎಂದು ಅವರು ನಮ್ಮನ್ನೇ ಮರುಪ್ರಶ್ನೆ ಮಾಡಿದರು. 1951ರಲ್ಲಿ ತೋಟ ಕಾರ್ಮಿಕರ ಕಾಯಿದೆ ಬಂದು, ಕೆಲಸಗಾರರಿಗೆ ಮನೆ ಕೊಡುವುದು ತೋಟದವರ ಕರ್ತವ್ಯವಾಯಿತು. ಕ್ರಮೇಣ ಅಡ್ಡಗೋಡೆಗಳು ಮಾಡು ಮುಟ್ಟಿದುವು, ಹುಲ್ಲಿನ ಬದಲು ಹೆಂಚು ಬಂದಿತು. ಆದರೆ ಮನೆ ಕೆಲಸಗಾರನಿಗೆ ಸಲ್ಲತಕ್ಕದ್ದು, ಕೆಲಸ ನಿಂತರೆ ಮನೆಯೂ ನಿಲ್ಲತಕ್ಕದ್ದು ಎಂಬ ಹಳೆಯ ಕಟ್ಟಳೆ ಹಾಗೆಯೇ ಉಳಿಯಿತು.

ಇನ್ನು ಮೂರನೆಯ ಮನೆ, ಕುದುರೆಮುಖದ್ದು.

ಗೋಣಿಬೀಡಿನ ಜನಕ್ಕೆ ಕುದುರೆಮುಖ ದೂರದ ಊರಲ್ಲ; ನಮ್ಮದೇ ಮೂಡಿಗೆರೆ ತಾಲೂಕಿನ ಪಶ್ಚಿಮದ ಕೊನೆ. ಕೊಟ್ಟಿಗೆಹಾರ ದಾಟಿ, ಕಳಸ, ಸಂಸೆ ಹಾದು ಹೋಗುವ ದಾರಿ. ಕಳಸವು ತಾಲೂಕಾಗಿ ಬೇರೆಯಾದದ್ದು ಈಚೆಗೆ. ಅಲ್ಲಿಯ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆಯೆಂದು 1913ರಲ್ಲಿಯೇ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು ಕಂಡುಹಿಡಿದಿದ್ದರು. ಅದಿರು ಅಪಾರವಾಗಿದ್ದರೂ ಕಬ್ಬಿಣದ ಅಂಶ ಕಡಿಮೆ. ಪುಡಿಮಾಡಿ, ತೊಳೆದು, ಸಾರವನ್ನು ಬೇರ್ಪಡಿಸಬೇಕು. ಅದಕ್ಕೆ ಹಣವೂ ಯಂತ್ರವೂ ಒದಗಿದ್ದು 1975ರಲ್ಲಿ. ಇರಾನಿನ ಷಾ ಅವರ ಸರ್ಕಾರವು 63 ಕೋಟಿ ಡಾಲರು ಸಾಲ ಕೊಡಲು ಒಪ್ಪಿ, ಅದಿರಿನ ಸಾರವನ್ನು ತಾನೇ ಕೊಳ್ಳುವೆನೆಂದು ಕರಾರು ಮಾಡಿಕೊಂಡಿತು. 1976ರ ಏಪ್ರಿಲ್ 2ರಂದು ಸರ್ಕಾರದ ಕಂಪನಿ ಸ್ಥಾಪಿತವಾಯಿತು. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಆ ಕಣಿವೆಯಲ್ಲಿ ರಸ್ತೆ, ಕಾರ್ಖಾನೆ, ಲಕ್ಯಾ ಹೊಳೆಗೆ ಅಡ್ಡಲಾಗಿ ಅಣೆಕಟ್ಟು, ಮಂಗಳೂರಿನ ಪಣಂಬೂರಿನವರೆಗೆ 67 ಕಿಲೋಮೀಟರ್ ಉದ್ದದ ಕೊಳವೆ, ಇವೆಲ್ಲವೂ ನಾಲ್ಕು ವರ್ಷಗಳಲ್ಲಿ ಎದ್ದುನಿಂತುವು.

ಅಷ್ಟು ಕಾಂಕ್ರೀಟಿಗೆ ಎಷ್ಟು ಹಲಗೆ ಹೊಡೆಯಬೇಕೆಂದು ಬಡಗಿಗಳನ್ನೇ ಕೇಳಬೇಕು. ನಮ್ಮ ತಂದೆಯವರು ಗುತ್ತಿಗೆದಾರರೊಬ್ಬರ ಕೈಕೆಳಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದರು. ಮೊದಲೆರಡು ಮಳೆಗಾಲ ತಗಡಿನ ಶೆಡ್ಡಿನಲ್ಲಿ ಇಪ್ಪತ್ತು ಮಂದಿಯ ಜೊತೆ ಕಳೆದರು. ಮಾಡಿನ ಮೇಲೆ ಮಳೆಯ ಸದ್ದು ಎಷ್ಟೆಂದರೆ, ಪಕ್ಕದವನಿಗೆ ಏನಾದರೂ ಹೇಳಬೇಕಾದರೆ ಕಿವಿಗೆ ಬಾಯಿ ಹಚ್ಚಬೇಕಾಗಿತ್ತಂತೆ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟು ಹೋದರು. ಸಾಲದ ಹಣ ಅರ್ಧದಲ್ಲಿಯೇ ನಿಂತಿತು. ಟೆಹರಾನಿನ ಅರಮನೆಯಲ್ಲಿ ದೀಪ ಆರಿದರೆ ಗೋಣಿಬೀಡಿನ ಲೈನಿನಲ್ಲಿ ಒಲೆ ಆರುವುದೆಂದು ನಮ್ಮ ತಾಯಿಯವರು ಕನಸಿನಲ್ಲಿಯೂ ಎಣಿಸಿರಲಿಲ್ಲ. ಸಂತ ಅಂತೋನಿಯವರಿಗೆ ಹರಕೆ ಹೊತ್ತರು. ಕೇಂದ್ರ ಸರ್ಕಾರ ಕೈಬಿಡಲಿಲ್ಲ. 1980ರಲ್ಲಿ ಕಾರ್ಖಾನೆ ಸಿದ್ಧವಾಯಿತು. ತಂದೆಯವರನ್ನು ಕಾಯಂ ಮಾಡಿಕೊಂಡರು, ಕ್ವಾರ್ಟರ್ಸ್ ಕೊಟ್ಟರು.

ಆ ಮನೆಯೊಳಗೆ ನಾವು ಕಾಲಿಟ್ಟ ದಿನವನ್ನು ನಾಲ್ವರೂ ನಾಲ್ಕು ವಿಧವಾಗಿ ನೆನೆಯುತ್ತೇವೆ. ಒಬ್ಬರಿಗೆ ವಿದ್ಯುದ್ದೀಪದ ಗುಂಡಿ, ಒಬ್ಬರಿಗೆ ಮನೆಯೊಳಗೇ ಇದ್ದ ಕಕ್ಕಸು, ಒಬ್ಬರಿಗೆ ಸಿಮೆಂಟಿನ ತಣ್ಣನೆಯ ನೆಲ. ತಾಯಿಯವರು ಮಾತ್ರ ನಲ್ಲಿ ತಿರುಗಿಸಿ, ನೀರು ಬೀಳುವುದನ್ನು ನೋಡಿ, ನಿಲ್ಲಿಸಿ, ಮತ್ತೆ ತಿರುಗಿಸಿದರು. ಹೊಳೆಯಿಂದ ಕೊಡ ಹೊತ್ತು ಹೊತ್ತು ಅವರ ನೆತ್ತಿಯ ನಡುವೆ ಕೂದಲು ಉದುರಿದ್ದುದನ್ನು ನಾವು ಬಲ್ಲೆವು.

ಊರಿಗೆ ಊರೇ ಹೊಸದು. ಆಸ್ಪತ್ರೆ, ಶಾಲೆ, ಅಂಗಡಿ, ಎಲ್ಲ ಮತದವರಿಗೂ ಪ್ರಾರ್ಥನೆಯ ಸ್ಥಳ. ನೆರೆಯಲ್ಲಿ ತಮಿಳರು, ಮಲೆಯಾಳಿಗಳು, ತೆಲುಗರು, ಉತ್ತರದವರು. ಭಾನುವಾರದ ಪೂಜೆಯಲ್ಲಿ ಕನ್ನಡ, ಕೊಂಕಣಿ, ಮಲೆಯಾಳ ಸ್ತುತಿಗೀತೆಗಳು ಸರದಿಯ ಮೇಲೆ ನಡೆಯುತ್ತಿದ್ದುವು. ಯಾವ ಭಾಷೆಯದು ಮೊದಲು ಎಂಬುದಕ್ಕಾಗಿ ಒಮ್ಮೊಮ್ಮೆ ಮುನಿಸೂ ನಡೆಯುತ್ತಿತ್ತು, ಅದನ್ನು ಮುಚ್ಚಿಡುವುದೇಕೆ? ಜೂನ್ ತಿಂಗಳಲ್ಲಿ ಒಗೆದ ಬಟ್ಟೆ ಒಣಗಬೇಕಾದರೆ ಒಲೆಯ ಮೇಲಣ ಹಗ್ಗವೇ ಗತಿ. ಶಾಲೆಯ ಮಕ್ಕಳೆಲ್ಲರ ಸಮವಸ್ತ್ರಕ್ಕೂ ಹೊಗೆಯ ವಾಸನೆ. ಆ ವಾಸನೆ ಈಗ ಎಲ್ಲಾದರೂ ಮೂಗಿಗೆ ಬಿದ್ದರೆ ನಮಗೆ ತರಗತಿಯ ಗಂಟೆ ಕೇಳಿಸಿದಂತಾಗುತ್ತದೆ.

ತಂದೆಯವರು ಸ್ವತಃ ಬಡಗಿಯಾಗಿದ್ದರೂ ಆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ, ನಮಗೂ ಹೊಡೆಯಗೊಡಲಿಲ್ಲ. ನೆರೆಯವರು ಪಟ, ಕನ್ನಡಿ, ಗಡಿಯಾರ ತೂಗುಹಾಕಿದ್ದರು. ನಮ್ಮ ಮಾತೆ ಮರಿಯಮ್ಮನವರು ಮಾತ್ರ ಒಂದು ಟ್ರಂಕಿನ ಮೇಲೆ, ಗೋಡೆಗೆ ಒರಗಿ ನಿಂತಿದ್ದರು. “ಗೋಡೆ ನಮ್ಮದಲ್ಲ, ಟ್ರಂಕು ನಮ್ಮದು” ಎಂದು ತಂದೆಯವರ ಉತ್ತರ. ಆಗ ನಮಗದು ಹಟವೆಂದು ತೋರುತ್ತಿತ್ತು.

ಅಲ್ಲಿಯ ಬೆಟ್ಟದಲ್ಲಿ ನಮಗಿಂತ ಹಿಂದೆಯೇ ನಮ್ಮವರೊಬ್ಬರು ಮನೆ ಕಟ್ಟಿದ್ದರೆಂಬುದನ್ನು ಇಲ್ಲಿ ಸ್ಮರಿಸಬೇಕು. ಕುದುರೆಮುಖ ಶಿಖರಕ್ಕೆ ಹತ್ತುವ ದಾರಿಯಲ್ಲಿ ಪಾಳುಬಿದ್ದ ಒಂದು ಮನೆಯ ಅಡಿಪಾಯವಿದೆ. ಅದನ್ನು ಎಲ್ಲರೂ ‘ಲೋಬೋ ಮನೆ’ ಎಂದೇ ಕರೆಯುತ್ತಾರೆ. ಶಿಖರದ ಹತ್ತಿರ ಕಲ್ಲಿನ ಗೋಡೆಗಳೂ ಇವೆ. ಅವು ಹಳೆಯ ಚರ್ಚಿನವೆಂದು ಜನರ ಹೇಳಿಕೆ. ತಂದೆಯವರು ಒಂದು ಬೇಸಗೆಯಲ್ಲಿ ನಮ್ಮನ್ನು ಅಲ್ಲಿಗೆ ಕರೆದುಕೊಂಡುಹೋಗಿ, ಆ ಅಡಿಪಾಯದ ಕಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿದರು. ಲೋಬೋ ಮನೆತನದವರು ಎಲ್ಲಿಗೆ ಹೋದರು ಎಂದು ನಮ್ಮಲ್ಲಿ ಕಿರಿಯರು ಕೇಳಿದರು. ಕೆಲಸವಿದ್ದಲ್ಲಿಗೆ, ಎಂದರು ತಂದೆಯವರು. ಬೇರೆ ಮನೆಗಳೂ ಇದ್ದುವು. ನಮ್ಮ ಊರು ಎದ್ದುನಿಂತ ಮಲ್ಲೇಶ್ವರದ ನೆಲದಲ್ಲಿ, ಸುತ್ತಣ ಕಾಡಿನಂಚಿನಲ್ಲಿ ಗದ್ದೆ ಮಾಡಿಕೊಂಡಿದ್ದ ಗೌಡಲರು, ಮಲೆಕುಡಿಯರು. ಅವರ ಮನೆಗಳು ಏನಾದುವೆಂದು ನಾವು ಆಗ ಕೇಳಲಿಲ್ಲ. ನಲ್ಲಿಯ ನೀರಿನ ಸಂತೋಷದಲ್ಲಿ ಕೇಳಬೇಕೆಂದು ತೋರಲೂ ಇಲ್ಲ.

ಈಗ ಹೇಳಬೇಕಾದದ್ದು ಸ್ವಲ್ಪ ಕಹಿಯಾದ ಮಾತು.

ಚಿಕ್ಕತ್ತೆಯವರನ್ನು ಕೊಟ್ಟದ್ದು ಕಳಸದ ಕೆಳಗೆ, ಭದ್ರೆಯ ದಡದ ಒಂದು ಮನೆಗೆ. ಮಾವನವರು ಗೇಣಿದಾರರು. 1974ರ ಕಾಯಿದೆಯಿಂದ ಮೂರು ಎಕರೆ ಗದ್ದೆ ಅವರ ಹೆಸರಿಗೆ ಬಂದಿತು. ನಮ್ಮ ಬಳಗದಲ್ಲಿ ಸ್ವಂತ ನೆಲ ಕಂಡವರು ಅವರೊಬ್ಬರೇ. ಪ್ರತಿ ಕ್ರಿಸ್ಮಸ್ಸಿಗೆ ಹೊಸ ಅಕ್ಕಿಯ ಮೂಟೆ ನಮ್ಮ ಕ್ವಾರ್ಟರ್ಸಿಗೆ ಬರುತ್ತಿತ್ತು. ಸನ್ನಣಕ್ಕೂ ಕಡಬಿಗೂ ಅದೇ ಅಕ್ಕಿ. ಗಣಿ ಬೆಳೆದಂತೆ, ಮಳೆಗಾಲದಲ್ಲಿ ಭದ್ರೆ ಕದಡಿ ಕೆಂಪಾಗಿ ಹರಿಯತೊಡಗಿದಳು. ಬೆಟ್ಟದ ಮೈ ಸುಲಿದ ಮೇಲೆ ಅಂಥ ಮಳೆಗೆ ಮಣ್ಣು ನಿಲ್ಲುವುದುಂಟೇ? ಪ್ರವಾಹ ಇಳಿದ ಮೇಲೆ ಗದ್ದೆಯಲ್ಲಿ ಹೂಳು. ಒಂದು ಕ್ರಿಸ್ಮಸ್ಸಿಗೆ ಮೂಟೆಯ ಬದಲು ಅರ್ಧ ಚೀಲ ಅಕ್ಕಿ ಬಂದಿತು. ಊಟದ ಹೊತ್ತಿನಲ್ಲಿ ಚಿಕ್ಕತ್ತೆಯವರು, “ಅಣ್ಣಾ, ನಿಮ್ಮ ಬೆಟ್ಟ ನಮ್ಮ ಗದ್ದೆಗೆ ಬಂದು ಕುಳಿತಿದೆ” ಎಂದರು. ತಂದೆಯವರು ತಟ್ಟೆಯಿಂದ ತಲೆಯೆತ್ತಲಿಲ್ಲ. ನಮ್ಮ ಅಣ್ಣನಾದರೋ ಆಗತಾನೆ ಗಣಿಯಲ್ಲಿ ಕೆಲಸಕ್ಕೆ ಸೇರಿದ್ದವನು. ಹೊಳೆಯ ನೀರು ಮೊದಲೂ ಕೆಂಪಾಗುತ್ತಿತ್ತು, ಘಟ್ಟದ ಮಳೆಯೇ ಹಾಗೆ, ಎಂದು ವಾದಕ್ಕಿಳಿದನು. ಆ ವರ್ಷದಿಂದ ಎರಡು ಮನೆಗಳ ನಡುವೆ ಹೋಗಿಬರುವುದು ಕಡಿಮೆಯಾಯಿತು. ಒಂದೇ ಪಟದ ಮುಂದೆ ಒಟ್ಟಿಗೆ ಮೊಣಕಾಲೂರಿದ್ದ ಅಣ್ಣ ತಂಗಿಯರು ಮದುವೆ ಮರಣಗಳಲ್ಲಿ ಮಾತ್ರ ಭೇಟಿಯಾಗತೊಡಗಿದರು.

1987ರಲ್ಲಿ ಆ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದರು. ತುಂಗೆ, ಭದ್ರೆ, ನೇತ್ರಾವತಿ, ಮೂರೂ ಹುಟ್ಟುವ ನೆಲ. ಮೂವತ್ತು ವರ್ಷದ ಗಣಿ ಗುತ್ತಿಗೆ 1999ಕ್ಕೆ ತೀರಿದ ಮೇಲೆ ತಾತ್ಕಾಲಿಕ ಅಪ್ಪಣೆಗಳ ಮೇಲೆ ಕೆಲಸ ಸಾಗಿತ್ತು. ವನ್ಯಜೀವಿ ಸಂರಕ್ಷಕ ಕೆ.ಎಂ. ಚಿನ್ನಪ್ಪನವರು ಹೂಡಿದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟು, 2005ರ ಅಂತ್ಯದೊಳಗೆ ಗಣಿಗಾರಿಕೆ ನಿಲ್ಲತಕ್ಕದ್ದೆಂದು ಆಜ್ಞಾಪಿಸಿತು. ಆ ಸಂಜೆ ನಮ್ಮ ಅಣ್ಣನ ಮನೆಯಲ್ಲಿ ದೀಪ ಹಚ್ಚಲಿಲ್ಲ. ಭದ್ರೆಯ ದಡದಲ್ಲಿ ಸಿಹಿ ಹಂಚಿದರೆಂದು ಯಾರೋ ಹೇಳಿದರು. ಚಿಕ್ಕತ್ತೆಯವರ ಮನೆಯಲ್ಲಿ ಹಂಚಲಿಲ್ಲವೆಂದು ನಮಗೆ ಆಮೇಲೆ ತಿಳಿಯಿತು. ಅವರು ಆ ದಿನ ಗೋಣಿಬೀಡಿಗೆ ಬಂದು, ಅಕ್ಕನ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದು, ಕೊನೆಯ ಬಸ್ಸಿಗೆ ಹಿಂತಿರುಗಿದ್ದರು.

ತೀರ್ಪು ಸರಿಯೇ ತಪ್ಪೇ ಎಂದು ನಮ್ಮಲ್ಲಿ ಇಂದಿಗೂ ಒಮ್ಮತವಿಲ್ಲ. ಇಬ್ಬರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಈ ಭಾಷಣ ಬರೆಯುವಾಗಲೂ ಆ ವಾದ ಮತ್ತೆ ಎದ್ದಿತು. ಹೊಳೆ ಈಗ ತಿಳಿಯಾಗಿದೆಯೆಂಬುದನ್ನು ನಾಲ್ವರೂ ಒಪ್ಪುತ್ತೇವೆ. ಕೆಲಸ ಕಳೆದುಕೊಂಡವರಲ್ಲಿ ಕೆಲವರು ಎಂದೂ ಚೇತರಿಸಿಕೊಳ್ಳಲಿಲ್ಲವೆಂಬುದನ್ನೂ ನಾಲ್ವರೂ ಒಪ್ಪುತ್ತೇವೆ.

2005ರ ಡಿಸೆಂಬರ್ 31ರಂದು ಗಣಿ ನಿಂತಿತು. ಕೆಲವರು ಮಂಗಳೂರಿನ ಘಟಕಕ್ಕೆ ಹೋದರು, ಕೆಲವರು ಸ್ವಯಂನಿವೃತ್ತಿ ಪಡೆದರು. ನಮ್ಮ ಅಣ್ಣ ಎರಡನೆಯವರ ಸಾಲಿನಲ್ಲಿ. ತಂದೆಯವರು ಅದಕ್ಕೆ ಮೊದಲೇ ನಿವೃತ್ತರಾಗಿದ್ದರು. ಅವರು ನಿವೃತ್ತರಾದ ದಿನ ಹಳೆಯ ಕ್ವಾರ್ಟರ್ಸ್ ಬಿಟ್ಟು, ಮಗನ ಹೆಸರಿಗೆ ಸಿಕ್ಕ ಇನ್ನೊಂದು ಮನೆಗೆ ಸಾಮಾನು ಸಾಗಿಸಬೇಕಾಗಿ ಬಂದಾಗ ತಾಯಿಯವರು ದೊಡ್ಡತ್ತೆಯವರ ಕಡೆಗೆ ನೋಡಿ, “ಇಲ್ಲಿಯೂ ಹಾಜರಿ ಪುಸ್ತಕವೇ” ಎಂದು ನಕ್ಕಿದ್ದರು. ಈಗ ಪುಸ್ತಕದಲ್ಲಿ ಯಾರ ಹೆಸರೂ ಇರಲಿಲ್ಲ. ಬೀಗದ ಕೈಯನ್ನು ಒಪ್ಪಿಸುವ ಬೆಳಿಗ್ಗೆ ತಾಯಿಯವರು ಖಾಲಿ ಮನೆಯ ನೆಲವನ್ನೆಲ್ಲ ತೊಳೆದು ಒರಸಿದರು. ಯಾರೂ ಬಂದು ಇರುವುದಿಲ್ಲವೆಂದು ಗೊತ್ತಿದ್ದೂ ಏಕೆ ತೊಳೆಯುತ್ತೀರಿ ಎಂದರೆ ಉತ್ತರ ಕೊಡಲಿಲ್ಲ. ಟ್ರಂಕನ್ನು ಎತ್ತಿದ ಮೇಲೆ ಗೋಡೆಯನ್ನು ನೋಡಿದೆವು. ಎಲ್ಲ ಮನೆಗಳ ಗೋಡೆಗಳಲ್ಲಿಯೂ ಮೊಳೆಯ ತೂತುಗಳು. ನಮ್ಮಲ್ಲಿ ಒಂದೂ ಇಲ್ಲ.

ಕೋಲಾರದ ಚಿನ್ನದ ಗಣಿ ಇದಕ್ಕೂ ಮೊದಲೇ, 2001ರ ಫೆಬ್ರವರಿ 28ರಂದು ಮುಚ್ಚಿತ್ತು. ಅಲ್ಲಿಯ ಸಾಲುಮನೆಗಳಲ್ಲಿ ಜನ ಇಂದಿಗೂ ಇದ್ದಾರೆ; ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿನಲ್ಲಿ ಕೂಲಿ ಮಾಡಿ ರಾತ್ರಿ ಮನೆ ಸೇರುತ್ತಾರೆ. ಕುದುರೆಮುಖಕ್ಕೆ ಅಂಥ ರೈಲಿಲ್ಲ, ಹತ್ತಿರ ಬೆಂಗಳೂರಿಲ್ಲ. ಬಹುಪಾಲು ಮನೆಗಳು ಖಾಲಿಯಾದುವು. ಅಂಥ ಮಳೆಯಲ್ಲಿ ಜನವಿಲ್ಲದ ಮನೆ ಎಷ್ಟು ಕಾಲ ನಿಂತೀತು? ನಾವು ಕೊನೆಯ ಬಾರಿ ಹೋದಾಗ ಅಡಿಗೆಮನೆಯ ಕಿಟಕಿಯೊಳಗಿಂದ ಜರಿಗಿಡ ಹೊರಕ್ಕೆ ಬಾಗಿತ್ತು.

ನಾಲ್ಕನೆಯ ಮನೆ ನಿಮಗೆಲ್ಲ ಗೊತ್ತಿರುವುದೇ. ಇದೇ ಚರ್ಚಿನಿಂದ ಕೂಗಳತೆಯ ದೂರದಲ್ಲಿದೆ. ನಿವೃತ್ತಿಯ ಹಣದಲ್ಲಿ ತಂದೆಯವರು ಐದು ಗುಂಟೆ ಜಾಗ ಕೊಂಡು, ತಮ್ಮ ಕೈಯಿಂದಲೇ ಬಾಗಿಲು ಕಿಟಕಿಗಳನ್ನು ಮಾಡಿ ಕಟ್ಟಿದ ಮನೆ. ಗುರುಗಳು ಬಂದು ಆಶೀರ್ವದಿಸಿದ ದಿನ ತಂದೆಯವರು ಸುತ್ತಿಗೆ ತೆಗೆದುಕೊಂಡು, ಪೀಠದ ಗೋಡೆಗೆ ತಮ್ಮ ಜೀವಮಾನದ ಮೊದಲನೆಯ ಸ್ವಂತ ಮೊಳೆಯನ್ನು ಹೊಡೆದರು. ಹೊಡೆತ ತಪ್ಪಿ ಹೆಬ್ಬೆರಳು ಜಜ್ಜಿತು. ನಲವತ್ತು ವರ್ಷದ ಬಡಗಿ! ಎಲ್ಲರೂ ನಕ್ಕರು, ಅವರೂ ನಕ್ಕರು.

ನೋಂದಣಿ ಪತ್ರವನ್ನು ನಾವು ನೋಡಿದ್ದು ಅವರು ತೀರಿಕೊಂಡ ಮೇಲೆ. ಅದರಲ್ಲಿ ತಂದೆಯವರ ಹೆಸರಿರಲಿಲ್ಲ. ನಮ್ಮ ತಾಯಿಯವರದೂ ದೊಡ್ಡತ್ತೆಯವರದೂ ಜಂಟಿ ಹೆಸರಿತ್ತು. ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಆ ಕ್ಷಣದಲ್ಲಿ ನಮ್ಮಲ್ಲಿ ಎಲ್ಲರಿಗೂ ಅದು ಹಿಡಿಸಲಿಲ್ಲ. ಪ್ರಾಯಕ್ಕೆ ಬಂದ ಗಂಡುಮಕ್ಕಳಿರುವಾಗ ಅಕ್ಕನ ಹೆಸರಿಗೆ ಅರ್ಧ ಮನೆಯೇ ಎಂಬ ಮಾತು ಬಂದಿತು. ಕೆಲವು ತಿಂಗಳು ನಾವು ಒಂದೇ ಬೆಂಚಿನಲ್ಲಿ ಕುಳಿತು ಪೂಜೆ ಕೇಳಲಿಲ್ಲ. ದೊಡ್ಡತ್ತೆಯವರೇ, ಪತ್ರ ಬದಲಾಯಿಸಿಕೊಳ್ಳಿ, ನನಗೆ ಮಲಗಲು ಒಂದು ಮೂಲೆ ಸಾಕು ಎಂದಾಗ ತಾಯಿಯವರು ಎದ್ದುನಿಂತು, ಹದಿಮೂರನೆಯ ವಯಸ್ಸಿನಲ್ಲಿ ಇವರು ಎದ್ದುನಿಂತಿರದಿದ್ದರೆ ನಿಮ್ಮಪ್ಪ ಯಾವ ಮನೆಯಲ್ಲಿ ಬೆಳೆಯುತ್ತಿದ್ದರು ಎಂದು ಕೇಳಿದರು. ಪತ್ರ ಹಾಗೆಯೇ ಇದೆ. ಚಿಕ್ಕತ್ತೆಯವರೂ ಈಗ ಕ್ರಿಸ್ಮಸ್ಸಿಗೆ ಅಲ್ಲಿಗೇ ಬರುತ್ತಾರೆ, ಅಕ್ಕಿ ತರುತ್ತಾರೆ.

ಶತಮಾನೋತ್ಸವಕ್ಕಾಗಿ ಗುರುಗಳು ಹಳೆಯ ದಾಖಲೆ ಪುಸ್ತಕಗಳನ್ನು ತೆಗೆದಾಗ ನಮ್ಮ ತಂದೆಯವರ ಜ್ಞಾನಸ್ನಾನದ ನಮೂದನ್ನು ತೋರಿಸಿದರು. ಲತೀನ್ ಭಾಷೆಯಲ್ಲಿದೆ. ತಂದೆ ತಾಯಿಯರ ಹೆಸರು, ಜ್ಞಾನಪಿತ ಜ್ಞಾನತಾಯಿಯರ ಹೆಸರು, ವಾಸಸ್ಥಳದ ಕಡೆ ತೋಟದ ಹೆಸರು. ಬೆಳ್ತಂಗಡಿಯ ಮನೆಗೆ ನಮ್ಮ ಹೆಸರಿನ ಪತ್ರವಿಲ್ಲ, ಲೈನಿನ ಕೋಣೆಗಿಲ್ಲ, ಕ್ವಾರ್ಟರ್ಸಿನದು ಕಂಪನಿಯ ಕಡತದೊಳಗೆ ಸೇರಿಹೋಯಿತು. ನಾವು ಅಲ್ಲೆಲ್ಲ ಇದ್ದೆವೆಂಬುದಕ್ಕೆ ಉಳಿದಿರುವ ಬರಹ ಚರ್ಚಿನ ಪುಸ್ತಕಗಳದು ಮಾತ್ರ.

ನಾವು ಹುಟ್ಟಿದ ಆ ಲೈನು ಈಗಲೂ ಇದೆ. ನಮ್ಮೂರಿನ ಮಕ್ಕಳು ತೋಟದ ಕೆಲಸ ಬಿಟ್ಟು ಬೆಂಗಳೂರು, ಮಂಗಳೂರು, ಕೊಲ್ಲಿ ದೇಶಗಳಿಗೆ ಹೋದ ಮೇಲೆ ಅಸ್ಸಾಮ್, ಜಾರ್ಖಂಡ್ ಕಡೆಯವರು ಮೂರು ದಿನ ರೈಲಿನಲ್ಲಿ ಕುಳಿತು ಬಂದು ಅಲ್ಲಿ ಒಲೆ ಹೂಡಿದ್ದಾರೆ. ಅವರಲ್ಲಿ ನಮ್ಮ ಮತದವರೂ ಇದ್ದಾರೆ. ಭಾನುವಾರ ಹಿಂದಿನ ಬಾಗಿಲಿನ ಬಳಿ ನಿಂತು ಪೂಜೆ ಕೇಳಿ, ಕೊನೆಯ ಆಶೀರ್ವಾದವಾದೊಡನೆ ಹೊರಟುಹೋಗುತ್ತಾರೆ. ಧರ್ಮಕೇಂದ್ರದ ಕುಟುಂಬಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಕೊಯ್ಲು ಮುಗಿದರೆ ಹೋಗುವವರೆಂದು ನಾವು ಬರೆದುಕೊಂಡಿಲ್ಲ. ನಮ್ಮ ಅಜ್ಜನವರೂ ಕೊಯ್ಲು ಮುಗಿದರೆ ಹೋಗುವೆನೆಂದೇ ಘಟ್ಟ ಹತ್ತಿದವರು.

ಕಳೆದ ತಿಂಗಳು ಅವರಲ್ಲಿ ಒಬ್ಬ ತಾಯಿ ಮಗುವನ್ನೆತ್ತಿಕೊಂಡು ಜ್ಞಾನಸ್ನಾನಕ್ಕೆಂದು ಬಂದಳು. ಇಲ್ಲಿ ಅವಳಿಗೆ ನೆಂಟರಿಲ್ಲ, ಜ್ಞಾನತಾಯಿಯಾಗುವವರಿಲ್ಲ. ದೊಡ್ಡತ್ತೆಯವರು ಕೋಲೂರಿಕೊಂಡು ಎದ್ದುನಿಂತು ತಮ್ಮ ಹೆಸರು ಹೇಳಿದರು. ಪೂಜೆ ಮುಗಿದ ಮೇಲೆ ಗುರುಗಳು ಪುಸ್ತಕ ಬಿಡಿಸಿ, ವಾಸಸ್ಥಳ ಏನೆಂದು ಬರೆಯಲಿ ಎಂದು ಕೇಳಿದರು. ಆ ತಾಯಿಗೆ ಕನ್ನಡ ಬಾರದು. ಬೆರಳಿನಿಂದ ನಾಲ್ಕು ಎಂದು ತೋರಿಸಿದಳು. ದೊಡ್ಡತ್ತೆಯವರು ತೋಟದ ಹೆಸರು ಹೇಳಿ, “ಲೈನು, ನಾಲ್ಕನೆಯ ಕೋಣೆ, ಬರೆದುಕೊಳ್ಳಿ ಸ್ವಾಮಿ” ಎಂದರು.